ಕಾಲುವೆ ಹಿಡಿದು ಹಂಪಿಗೆ



ಬೆಳಗಿನ ಹೊತ್ತು ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆ ನಿಲ್ದಾಣಕ್ಕೆ ಬಂದು ನಿಂತಾಗ ಬೆನ್ನಿಗೆ ದೊಡ್ಡ ಚೀಲ ಹೊತ್ತು ಇಳಿಯುವವರಲ್ಲಿ ಹೊಸಪೇಟೆ ನೋಡಲೆಂದೇ ಬಂದವರು ಸಿಗುವುದು ಕಷ್ಟ. ಹೊರಗೆ ಆಟೋದವರ ಜೊತೆ ಒಂದಿಷ್ಟು ಚೌಕಾಸಿ, ಆಮೇಲೆ ನೇರ ಹಂಪಿ. ವಿರೂಪಾಕ್ಷನ ಗುಡಿ, ಸಾಸಿವೆಕಾಳು ಗಣಪ, ಕಲ್ಲಿನ ರಥ, ಕಮಲ ಮಹಲು, ಆನೆಲಾಯ. ಸಂಜೆ ಹೇಮಕೂಟದ ಬಂಡೆಯ ಮೇಲೆ ಕೂತು ಮುಳುಗುವ ಸೂರ್ಯನ ಫೋಟೊ, ರಾತ್ರಿ ಮತ್ತೆ ಅದೇ ರೈಲು. ಹೊರಗಿನವರನ್ನು ಅಂದು ಪ್ರಯೋಜನವಿಲ್ಲ. ಮನೆಗೆ ನೆಂಟರು ಬಂದಾಗ ಈ ಭಾಗದವರಾದ ನಾವು ಮಾಡಿಸುವ ದರ್ಶನವೂ ಇಷ್ಟೇ. ಮೂರು ದಿನ ರಜೆ ಸಿಕ್ಕರೆ ನಾವೇ ಗೋವೆಯ ಕಡಲ ದಂಡೆಗೆ ಹೊರಡುತ್ತೇವೆ.

ಇವತ್ತು ನಾನು ಹೇಳಬೇಕೆಂದಿರುವುದು ಬೇರೆ ದಾರಿ. ಹಂಪಿಯನ್ನು ಗುಡಿಗಳ ಪಟ್ಟಿ ಹಿಡಿದು ನೋಡುವ ಬದಲು ನೀರು ಹಿಡಿದು ನೋಡಿ. ಗುಡ್ಡದ ಮಳೆ ಎಲ್ಲಿ ನಿಂತಿತು, ತುಂಗಭದ್ರಾ ಹೊಳೆ ಎಲ್ಲಿ ತಿರುಗಿತು, ಕಾಲುವೆ ಯಾವ ಗದ್ದೆಗೆ ಹೋಯಿತು ಎಂದು ಕೇಳುತ್ತ ಹೋದರೆ ಹೊಸಪೇಟೆಯೂ ಬೇಕಾಗುತ್ತದೆ, ಸಂಡೂರೂ ಬೇಕಾಗುತ್ತದೆ, ಕಂಪ್ಲಿಯೂ ಬೇಕಾಗುತ್ತದೆ. ‘ಹಾಳು ಹಂಪಿ’ ಎಂಬ ಮಾತು ಅರ್ಧ ಮಾತ್ರ ನಿಜ ಅನ್ನುವುದೂ ಆಗ ಕಣ್ಣಿಗೆ ಬೀಳುತ್ತದೆ.

ಹೋಲಿಕೆಗಾಗಿ ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಮೆಕ್ಸಿಕೋ ದೇಶದ ಯುಕಟಾನ್ ಪರ್ಯಾಯ ದ್ವೀಪಕ್ಕೆ ಹೋಗುವ ಪ್ರವಾಸಿಗಳಿಗೆ ಮೂರು ಬಗೆಯ ನೋಟ ಒಟ್ಟಿಗೆ ಸಿಗುತ್ತದೆ: ಸ್ಪೇನಿನವರು ಕಟ್ಟಿದ ಪಟ್ಟಣ, ಮಾಯಾ ಜನರ ಹಾಳುಬಿದ್ದ ನಗರ, ಕೆರಿಬಿಯನ್ ಕಡಲ ದಂಡೆ. ಅಲ್ಲಿನ ಮೆರಿಡಾ ಪಟ್ಟಣವನ್ನು ಸ್ಪೇನಿನವರು 1542ರಲ್ಲಿ ಸ್ಥಾಪಿಸಿದ್ದು ಮಾಯಾ ಜನರ ಹಳೆಯ ಊರಿನ ಮೇಲೆಯೇ. ಹಳೆಯ ಕಟ್ಟಡಗಳ ಕಲ್ಲು ಕಿತ್ತು ಇಗರ್ಜಿಗೂ ಮನೆಗಳಿಗೂ ಹಾಕಿದರು. ಅದಕ್ಕೂ ಮೊದಲು, 1521ರಲ್ಲಿ, ಕೊರ್ಟೆಸ್ ಎಂಬ ಸ್ಪೇನಿನ ದಂಡನಾಯಕ ಅಜ್ಟೆಕರ ರಾಜಧಾನಿಯನ್ನು ನೆಲಸಮ ಮಾಡಿದ್ದ. ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ಸ್ಪೇನಿನ ಪಕ್ಕದ ಪೋರ್ಚುಗಲ್ಲಿನ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ಕೃಷ್ಣದೇವರಾಯನ ಪಟ್ಟಣದಲ್ಲಿ ಕಣ್ಣು ಬಾಯಿ ಬಿಟ್ಟುಕೊಂಡು ಓಡಾಡುತ್ತಿದ್ದ. ಊರು ರೋಮಿನಷ್ಟು ದೊಡ್ಡದಾಗಿ ಕಂಡಿತೆಂದು ಬರೆದಿಟ್ಟ. ಗೋವೆ 1510ರಲ್ಲೇ ಪೋರ್ಚುಗೀಸರ ಕೈಗೆ ಹೋಗಿತ್ತು. ಆದರೆ ಘಟ್ಟದ ಮೇಲೆ ಅವರ ಆಟ ನಡೆಯುವಂತಿರಲಿಲ್ಲ. ಇಲ್ಲಿಗೆ ಅವರು ಗೆಲ್ಲಲು ಬಂದವರಲ್ಲ, ಕುದುರೆ ಮಾರಲು ಬಂದವರು. ವಿಠ್ಠಲ ಗುಡಿಯ ಜಗತಿಯ ಕೆಳಪಟ್ಟಿಕೆಯಲ್ಲಿ ಲಗಾಮು ಹಿಡಿದು ಸಾಲಾಗಿ ನಿಂತ ಪರದೇಶಿಗಳನ್ನು ಇವತ್ತಿಗೂ ನೋಡಬಹುದು. ರಥದ ಮುಂದೆ ಫೋಟೊಗೆ ನಿಂತವರ ಬೆನ್ನಿನ ಹಿಂದೆಯೇ ಅವರಿದ್ದಾರೆ, ಯಾರೂ ಬಗ್ಗಿ ನೋಡುವುದಿಲ್ಲ ಅಷ್ಟೆ.

ಈಗ ಹೊಸಪೇಟೆಗೆ ಬರೋಣ. ಇದು ಕೃಷ್ಣದೇವರಾಯ ಕಟ್ಟಿಸಿದ ಊರು. ಆಗಿನ ಹೆಸರು ನಾಗಲಾಪುರ. ಗೋವೆಯ ಕಡೆಯಿಂದ ಬಂದ ಪಾಯೆಸ್ ರಾಜಧಾನಿಯನ್ನು ಮುಟ್ಟುವ ಮೊದಲು ಕಂಡದ್ದು ಈ ಹೊಸ ಪಟ್ಟಣವನ್ನೇ. ಇಲ್ಲಿಗೆ ನೀರು ಬೇಕಿತ್ತು. ಅದಕ್ಕೆ ರಾಯ, ಊರಿನ ದಕ್ಷಿಣಕ್ಕೆ ಸಂಡೂರಿನ ಗುಡ್ಡಸಾಲು ಬಂದು ಮುಗಿಯುವ ಕಡೆ, ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಹಾಕಿಸಿದ. ಅದೇ ರಾಯರ ಕೆರೆ. ಏರಿಯ ಕೆಲಸ ನಡೆಯುವಾಗ ಪಾಯೆಸ್ ಅಲ್ಲಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕವಿದಿದ್ದರು, ಅವರು ನಡೆಯುವ ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ. ಏರಿ ಎರಡು ಮೂರು ಸಲ ಒಡೆಯಿತು. ಆಗ ನರಬಲಿ ಕೊಟ್ಟರೆಂದೂ ಅವನು ಬರೆದಿದ್ದಾನೆ. ಆ ಕಾಲದ ವೈಭವ ಹೇಳುವಾಗ ಈ ಪುಟವನ್ನು ಮಡಚಿಡುವುದು ನಮಗೆ ರೂಢಿಯಾಗಿದೆ, ಮಡಚಿಡಬಾರದು.

ಕೆಲವು ವರ್ಷಗಳ ನಂತರ ಬಂದ ನೂನಿಜ್ ಎಂಬ ಕುದುರೆ ವ್ಯಾಪಾರಿ ಇದೇ ಕೆರೆಯ ಇನ್ನೊಂದು ಕಥೆ ಹೇಳುತ್ತಾನೆ. ಏರಿ ಕಟ್ಟಲು ಗೋವೆಯಿಂದ ಜೊಆವೊ ದೆಲ್ಲಾ ಪೊಂತೆ ಎಂಬ ಕಲ್ಲುಕೆಲಸದ ಉಸ್ತಾದನನ್ನು ಕರೆಸಿದರಂತೆ. ಅವನು ಮೊದಲು ಸುಣ್ಣ ತಯಾರು ಮಾಡಿಸಿ ಎಂದಾಗ ರಾಯನಿಗೆ ನಗು ತಡೆಯಲಾಗಲಿಲ್ಲವಂತೆ; ಇಲ್ಲಿ ಮನೆ ಕಟ್ಟುವುದಕ್ಕೆ ಸುಣ್ಣ ಬಳಸುವುದೇ ಗೊತ್ತಿರಲಿಲ್ಲ ಎನ್ನುವುದು ನೂನಿಜನ ವಿವರಣೆ. ಇದನ್ನು ನಾನು ನಂಬುವುದಿಲ್ಲ. ಹಂಪಿಯ ಗೋಪುರಗಳೆಲ್ಲ ಮತ್ತೇನು? ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಮತ್ತು ಗಾರೆ. ಗಾರೆ ಉದುರಿದ ಕಡೆ ಇಟ್ಟಿಗೆ ಎಣಿಸಬಹುದು. ತನ್ನ ದೇಶದ ಮೇಸ್ತ್ರಿಯನ್ನು ಎತ್ತಿ ಹಿಡಿಯಲು ವ್ಯಾಪಾರಿ ಒಂದು ಮಾತು ಹೆಚ್ಚಿಗೆ ಆಡಿದ್ದಾನೆ. ಇವತ್ತು ಆ ಕೆರೆಯಲ್ಲಿ ನೀರಿಲ್ಲ. ಕೆರೆಯಂಗಳ ಬಹುಕಾಲದಿಂದ ಒಕ್ಕಲುತನಕ್ಕೆ ಸಿಕ್ಕಿದೆ. ಏರಿ ಮಾತ್ರ ಗುಡ್ಡದಿಂದ ಗುಡ್ಡಕ್ಕೆ ಹಾಗೇ ಇದೆ. ಅದು ಏರಿಯೆಂದು ಹೇಳದಿದ್ದರೆ ನೈಸರ್ಗಿಕ ದಿಬ್ಬವೆಂದೇ ಅಂದುಕೊಂಡು ದಾಟಿ ಹೋಗುತ್ತೀರಿ.

ಊರಿನಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ ಅನಂತಶಯನಗುಡಿ ಸಿಗುತ್ತದೆ. ಹಂಪಿ, ಹೊಳೆಯಾಚೆಯ ಆನೆಗುಂದಿಯ ಶಿಖರಗಳ ಹಾಗಲ್ಲ ಇದರ ಶಿಖರ. ಗುಮ್ಮಟದಂತೆ ದುಂಡಗೆ ಎದ್ದಿದೆ. ಒಳಗೆ ಮಲಗಿರಬೇಕಾದ ಅನಂತಪದ್ಮನಾಭ ಇಲ್ಲ, ಉದ್ದನೆಯ ಪೀಠ ಖಾಲಿ. ಆ ದೇವರು ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲೇ ಉಳಿದುಬಿಟ್ಟ ಎನ್ನುವುದು ಜನರ ಕಥೆ. ಹೊಳಲಿನಲ್ಲಿ ಭಾರಿ ಗಾತ್ರದ ಶಯನಮೂರ್ತಿ ಇರುವುದಂತೂ ನಿಜ.

ಇನ್ನು ತುಂಗಭದ್ರಾ ಅಣೆಕಟ್ಟು. ನಮ್ಮ ಕಡೆ ‘ಟೀಬಿ ಡ್ಯಾಮು’ ಎಂದರೆ ರಜಾದಿನದ ಉದ್ಯಾನ, ಬಣ್ಣದ ಕಾರಂಜಿ, ಮಿರ್ಚಿ ಮಂಡಕ್ಕಿ. ಆದರೆ ಇದರ ಹುಟ್ಟು ಸಾಮ್ರಾಜ್ಯಗಳ ಕೊನೆಗಾಲದಲ್ಲಿ. ಆಗ ಹೊಳೆಯ ಆಚೆ ದಡ ಹೈದರಾಬಾದಿನ ನಿಜಾಮನದು, ಈಚೆ ದಡ ಬ್ರಿಟಿಷರ ಮದ್ರಾಸು ಪ್ರಾಂತದ್ದು. 1945ರ ಫೆಬ್ರವರಿ 28ರಂದು ಆ ದಡದಲ್ಲಿ ನಿಜಾಮನ ಮಗ ಬೇರಾರಿನ ರಾಜಕುಮಾರ, ಈ ದಡದಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಒಂದೇ ದಿನ ಎರಡು ಅಡಿಗಲ್ಲು ಇಟ್ಟರು. ಕಟ್ಟಿ ಮುಗಿಯುವ ಹೊತ್ತಿಗೆ, 1953ಕ್ಕೆ, ನಿಜಾಮನ ಆಳ್ವಿಕೆಯೂ ಇರಲಿಲ್ಲ, ಬ್ರಿಟಿಷರೂ ಇರಲಿಲ್ಲ. ಅದೇ ವರ್ಷ ಬಳ್ಳಾರಿ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಬಂತು. ಇಷ್ಟು ದೊಡ್ಡ ಕಟ್ಟೆ ಸಿಮೆಂಟಿನದಲ್ಲ. ಕಲ್ಲು, ಸುಣ್ಣ, ಇಟ್ಟಿಗೆ ಪುಡಿ ಸೇರಿಸಿ ಅರೆದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ನೂನಿಜನನ್ನು ಕರೆದು ತೋರಿಸಬೇಕಿತ್ತು.

ಈ ಕಟ್ಟೆಗೆ ಮೂವತ್ತಮೂರು ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋದಾಗ ಈ ಭಾಗದಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಹಲಗೆ ಇಳಿಸಿ ಮುಚ್ಚಿದರು. ಹಿನ್ನೀರಿನ ಕೆಳಗೆ ನಾರಾಯಣದೇವರಕೆರೆಯಂಥ ಊರುಗಳಿವೆ. ಅಲ್ಲಿಂದ ಎದ್ದವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು, ಬರುವಾಗ ತಮ್ಮ ನಾಟಕದ ಹುಚ್ಚನ್ನೂ ಜೊತೆಗೆ ತಂದರು. ಅದೇ ನೀರಿನ ಕೆಳಗೆ ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಅಣೆಯೂ ಇದೆ. ಅಣೆ ಮುಳುಗಿತು, ಅದರಿಂದ ಹೊರಡುತ್ತಿದ್ದ ಬಸವಣ್ಣ ಕಾಲುವೆ ಮುಳುಗಲಿಲ್ಲ. ಅದಕ್ಕೀಗ ಜಲಾಶಯದಿಂದಲೇ ನೀರು. ಹೊಸಪೇಟೆಯ ಮನೆಗಳ ಹಿತ್ತಿಲಿಗೆ ತಾಗಿಕೊಂಡೇ ಹರಿಯುವ ಕಾಲುವೆಗೆ ಐನೂರು ವರ್ಷ ಎಂದರೆ ಅದರಲ್ಲಿ ಬಟ್ಟೆ ಒಗೆಯುವವರೂ ನಗುತ್ತಾರೆ. ಕಸ ಸುರಿಯುವವರು ನಗುವುದೂ ಇಲ್ಲ.

ಮಳೆ ಬರುವ ಕಡೆ ಹೋಗಬೇಕಾದರೆ ಸಂಡೂರಿಗೆ ಹೋಗಬೇಕು. ಹೊಸಪೇಟೆಯಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಿದು, 1949ರವರೆಗೆ ಪ್ರತ್ಯೇಕವಾಗಿಯೇ ಇತ್ತು. ಲೆಕ್ಕ ಹಾಕಿ ನೋಡಿ: ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಬೆಳಗ್ಗೆ ಸಂಡೂರಿನಿಂದ ಹೊರಟು ಹೊಸಪೇಟೆ ದಾಟಿ ಸಂಜೆಗೆ ಆನೆಗುಂದಿ ಮುಟ್ಟಿದ್ದರೆ, ಒಂದೇ ಹಗಲಿನಲ್ಲಿ ರಾಜನ ಸೀಮೆ, ಈಸ್ಟ್ ಇಂಡಿಯಾ ಕಂಪನಿಯ ವಾರಸುದಾರರಾದ ಬ್ರಿಟಿಷರ ಸೀಮೆ, ನಿಜಾಮನ ಸೀಮೆ ಮೂರನ್ನೂ ತುಳಿದ ಹಾಗಾಯಿತು. ಸಂಡೂರಿನ ಅರಸರು 1932ರಲ್ಲೇ ಗುಡಿಗಳ ಬಾಗಿಲನ್ನು ಹರಿಜನರಿಗೆ ತೆರೆದರು; ಗಾಂಧೀಜಿ ಅದನ್ನು ಮೆಚ್ಚಿದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂಬ ಮಾತನ್ನೂ ಗಾಂಧೀಜಿಯವರ ಹೆಸರಿನಲ್ಲಿ ಹೇಳುವುದು ಇಲ್ಲಿನ ವಾಡಿಕೆ. ಮಾತು ಯಾರದೇ ಆಗಲಿ, ಸುಳ್ಳಲ್ಲ. ಬಯಲುಸೀಮೆಯ ಬಿಸಿಲು ತಿಂದು ಬಂದವರಿಗೆ ಮಳೆ ಬಿದ್ದ ಮೇಲಿನ ಈ ಕಣಿವೆ ಮಲೆನಾಡಿನ ತುಂಡೊಂದು ದಾರಿ ತಪ್ಪಿ ಬಂದಂತೆ ಕಾಣುತ್ತದೆ.

ಗುಡ್ಡಸಾಲನ್ನು ಸೀಳಿದ ಗಂಡಿಗಳ ನಡುವೆ ನಾರಿಹಳ್ಳ ಹರಿದು ದರೋಜಿ ಕೆರೆಗೆ ಹೋಗುತ್ತದೆ. ಮೇಲೆ ಸ್ವಾಮಿಮಲೆಯಲ್ಲಿ ಕುಮಾರಸ್ವಾಮಿ, ಪಾರ್ವತಿಯರ ಹಳೆಯ ಗುಡಿಗಳಿವೆ. ವಿಜಯನಗರಕ್ಕಿಂತ ಎಷ್ಟೋ ಶತಮಾನ ಹಿಂದಿನವು. ನಾನು ಹೆಚ್ಚು ಹೊತ್ತು ನಿಲ್ಲಬೇಕೆನ್ನುವುದು ಇನ್ನೊಂದು ಕಡೆ, ರಾಮಗಡದಲ್ಲಿ. ಬಳ್ಳಾರಿ ದಂಡಿನಲ್ಲಿದ್ದ ಬಿಳಿಯ ಸಿಪಾಯಿಗಳಿಗೆ ಅಲ್ಲಿನ ಬಿಸಿಲು, ಜ್ವರ ತಡೆಯಲಾಗುತ್ತಿರಲಿಲ್ಲ. 1840ರ ದಶಕದಲ್ಲಿ ಕಂಪನಿಯವರು ಸಂಡೂರಿನ ಅರಸರನ್ನು ಕೇಳಿಕೊಂಡು ಮೂರು ಸಾವಿರ ಅಡಿಗೂ ಮೇಲಿನ ಈ ಗುಡ್ಡದ ನೆತ್ತಿಯಲ್ಲಿ ಕಾಯಿಲೆಯವರಿಗೆಂದು ಬಂಗಲೆಗಳನ್ನು ಕಟ್ಟಿದರು. ಊಟಿಗೆ ಹೋಗಲಾಗದ ಸಿಪಾಯಿಗಳ ಊಟಿ ಇದು. ಬಂಗಲೆಗಳು ಹಾಳುಬಿದ್ದಿವೆ. ಬ್ರಿಟಿಷರ ಈ ಹಾಳು ಹೊಸದು, ರಾಯರ ಹಾಳಿಗೆ ನಾನೂರೈವತ್ತಕ್ಕೂ ಹೆಚ್ಚು ವರ್ಷ. ಗೋಡೆ ಯಾವುದು ಗಟ್ಟಿ ಎಂದು ನೀವೇ ಹೋಗಿ ತಟ್ಟಿ ನೋಡಿ.

ಇದೇ ಗುಡ್ಡಗಳ ಒಡಲಲ್ಲಿ ಕಬ್ಬಿಣದ ಅದಿರಿದೆ. ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ಕಾಲದಲ್ಲಿ ಇಲ್ಲಿ ಜೋಳದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಸ್ವಲ್ಪ ಉಸಿರಾಡಿದೆವು. ಆಮೇಲೆ ಮಿತಿ ಹಾಕಿ ಮತ್ತೆ ಶುರುವಾಯಿತು. ಗುಡ್ಡ ಕರಗಿದರೆ ಹಳ್ಳವೂ ಕೆರೆಯೂ ಕರಗುತ್ತವೆ ಎಂದು ಸಂಡೂರಿನ ಜನಕ್ಕೆ ರೇಡಿಯೊದಲ್ಲಿ ಹೇಳಬೇಕಾಗಿಲ್ಲ. ಸಂಡೂರಿಗೆ ಹೋದವರು ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕುವ ಕುಶಲಕಲಾ ಕೇಂದ್ರಕ್ಕೆ ಹೋಗದೆ ಬರಬೇಡಿ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಈಗ ಹಂಪಿ. ನೀರು ಹಿಡಿದು ಬಂದವರು ಮೊದಲು ನೋಡಬೇಕಾದದ್ದು ಲಕ್ಷ್ಮೀನರಸಿಂಹನ ಪಕ್ಕದ ಬಡವಿಲಿಂಗ. ಒಂದೇ ಕಲ್ಲಿನ ಆ ಎತ್ತರದ ಲಿಂಗದ ಬುಡ ಸದಾ ನೀರಿನಲ್ಲಿರುತ್ತದೆ. ಪವಾಡವೇನೂ ಅಲ್ಲ, ಕಾಲುವೆಯ ನೀರನ್ನು ಗುಡಿಯೊಳಕ್ಕೆ ಹಾಯಿಸಿದ್ದಾರೆ. ತುರ್ತು ಕಾಲುವೆ ಎಂದು ನಾವು ಕರೆಯುವುದು ವಿಜಯನಗರದ ಅರಸರ ಕಾಲದ್ದು. ಈಗಲೂ ಬಂಡೆಗಳ ಸಂದಿಯಲ್ಲಿ ನುಸುಳಿ ಬಾಳೆ, ಕಬ್ಬು, ಭತ್ತಕ್ಕೆ ಹರಿಯುತ್ತಿದೆ. ವಿಜಯನಗರ ಸೋತ 1565ರ ಯುದ್ಧದ ನಂತರ ಗುಡಿ ಸುಟ್ಟವು, ಅರಮನೆ ಬಿದ್ದವು, ಬಜಾರು ಖಾಲಿಯಾಯಿತು. ಕಾಲುವೆ ಮಾತ್ರ ನಿಲ್ಲಲಿಲ್ಲ. ಅರಸನಿಲ್ಲದಿದ್ದರೂ ಹೂಳೆತ್ತುವವರು ಇದ್ದರು. ಅರಸರ ಹೆಸರು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಹೂಳೆತ್ತಿದವರ ಹೆಸರು ಒಂದಾದರೂ ಗೊತ್ತಿದೆಯೆ?

ಎರಡನೆಯದು ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ. 1980ರ ದಶಕದವರೆಗೆ ಇದು ಮಣ್ಣಿನೊಳಗಿತ್ತು. ಪುರಾತತ್ತ್ವದವರು ಅಗೆದು ತೆಗೆದರು. ಸುತ್ತಲಿನದೆಲ್ಲ ಬೂದು ಕಣಶಿಲೆ, ಇದೊಂದು ಮಾತ್ರ ನುಣ್ಣನೆಯ ಕಪ್ಪು ಕಲ್ಲು. ಬೇಲಿಯ ಹೊರಗೆ ನಿಂತು ಸರಿಯಾಗಿ ನೋಡಿ: ಮೆಟ್ಟಿಲ ಕಲ್ಲುಗಳ ಮೇಲೆ ಕೊರೆದ ಅಕ್ಷರ, ಗೆರೆಗಳಿವೆ. ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಎಷ್ಟನೆಯದು ಎಂಬ ಗುರುತುಗಳವು. ಬೇರೆಲ್ಲೋ ಅಳತೆಗೆ ಕಡಿದು, ಗುರುತು ಹಾಕಿ, ಇಲ್ಲಿಗೆ ತಂದು ಜೋಡಿಸಿದ ಕೆಲಸ. ಕಲ್ಲುಕುಟಿಗನ ಕೈಬರಹ ಅಷ್ಟು ಹತ್ತಿರದಲ್ಲಿ ಸಿಗುವ ಜಾಗ ಹಂಪಿಯಲ್ಲಿ ಇನ್ನೊಂದಿಲ್ಲ. ನನ್ನನ್ನು ಕೇಳಿದರೆ ಐವತ್ತರ ನೋಟಿನ ಮೇಲಿರುವ ರಥಕ್ಕಿಂತ ಈ ಪುಷ್ಕರಣಿಗೇ ಹೆಚ್ಚು ಹೊತ್ತು ಕೊಡಬೇಕು. ನೀರು ತರುತ್ತಿದ್ದ ಕಲ್ಲಿನ ಮೇಲ್ಗಾಲುವೆಯೂ ಪಕ್ಕದಲ್ಲೇ ಇದೆ.

ರಥದ ವಿಷಯ ಬಂದದ್ದರಿಂದ ಹೇಳುತ್ತೇನೆ. ಮಾಯಾ ನಗರಗಳನ್ನು 1840ರ ಸುಮಾರಿಗೆ ಕ್ಯಾದರ್‌ವುಡ್ ಎಂಬ ಚಿತ್ರಕಾರ ಕಾಡಿನಲ್ಲಿ ಕೂತು ಬರೆದು ಜಗತ್ತಿಗೆ ತೋರಿಸಿದ. ಹಂಪಿಗೆ ಆ ಭಾಗ್ಯ ತಂದವನು ಅಲೆಕ್ಸಾಂಡರ್ ಗ್ರೀನ್‌ಲಾ, ಮದ್ರಾಸು ಸೈನ್ಯದ ಅಧಿಕಾರಿ. 1856ರಲ್ಲಿ ಮೇಣ ಹಚ್ಚಿದ ಕಾಗದವನ್ನೇ ನೆಗೆಟಿವ್ ಮಾಡಿಕೊಂಡು ಹಂಪಿಯ ಫೋಟೊ ಹಿಡಿದ. ಅವನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಈಗಿಲ್ಲ, ಆಮೇಲೆ ತೆಗೆದುಹಾಕಿದರು. ರಥ ಎಳೆಯುವ ಆನೆಗಳೂ ಮೂಲದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲ ಉಳಿದಿವೆ. ಬ್ರಿಟಿಷ್ ಅಧಿಕಾರಿಗಳಿಗೆ ಇಲ್ಲಿ ತಂಗಲು ಜಾಗ ಬೇಕಾದಾಗ ಕಮಲಾಪುರದಲ್ಲಿ ಹಳೆಯ ಗುಡಿಯೊಂದನ್ನೇ ಬಂಗಲೆ ಮಾಡಿಕೊಂಡಿದ್ದರು. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸೂವೆಲ್, ಪ್ಯಾರಿಸ್ಸಿನಲ್ಲಿ ಸಿಕ್ಕಿದ ಪಾಯೆಸ್, ನೂನಿಜರ ಹಸ್ತಪ್ರತಿಗಳನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಅಚ್ಚು ಹಾಕಿಸಿದ. ಕುದುರೆ ವ್ಯಾಪಾರಿಯ ಮಾತು ನಮ್ಮ ಪಾಠಪುಸ್ತಕಕ್ಕೆ ಬಂದದ್ದು ಹೀಗೆ.

ಕಡಲ ದಂಡೆ ಬೇಕೆನ್ನುವವರಿಗೆ ಹೊಳೆಯ ದಂಡೆ ಇದೆ. ಒಂದು ಕಾಲದಲ್ಲಿ ವಿರೂಪಾಪುರ ಗಡ್ಡೆ ಅರ್ಧ ಗೋವೆಯೇ ಆಗಿತ್ತು: ಗುಡಿಸಲು ಹೋಟೆಲು, ಜೋಕಾಲಿ ಹಾಸಿಗೆ, ಹೀಬ್ರೂ ಭಾಷೆಯ ಬೋರ್ಡು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಅವನ್ನೆಲ್ಲ ಕೆಡವಿದರು. ಸ್ಮಾರಕಗಳ ದೃಷ್ಟಿಯಿಂದ ಆಗಬೇಕಾದದ್ದೇ ಆಯಿತು. ಆದರೆ 2011ರಲ್ಲಿ ವಿರೂಪಾಕ್ಷ ಬಜಾರಿನ ಮನೆಗಳನ್ನು ಕೆಡವಿದಾಗ ಮನೆ ಕಳೆದುಕೊಂಡವರು, ಗಡ್ಡೆಯಲ್ಲಿ ಕೂಲಿ ಕಳೆದುಕೊಂಡವರು ಇಬ್ಬರೂ ನಮ್ಮವರೇ. ಪರಂಪರೆ ಉಳಿಸುವ ಖರ್ಚು ಅವರ ಲೆಕ್ಕಕ್ಕೇ ಬೀಳಬೇಕೆ ಎಂಬ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಬಂದಿಲ್ಲ.

ಹರಗೋಲು ಹತ್ತಿ. ಪಾಯೆಸ್ ಇದನ್ನೂ ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತದೆ, ಸುತ್ತುತ್ತ ಸುತ್ತುತ್ತ ಹೋಗುತ್ತದೆ. ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಮಿಕ್ಕದ್ದೆಲ್ಲ ಹಾಗೇ. ಚಕ್ರತೀರ್ಥದ ಹತ್ತಿರ ಹುಟ್ಟು ಹಾಕುವವರು ಒಂದು ಮಾತು ತಪ್ಪದೆ ಹೇಳುತ್ತಾರೆ: “ಡ್ಯಾಮಿಂದ ನೀರು ಬಿಟ್ಟಾರ ಅಂದ್ರ ಬಂಡಿ ಮ್ಯಾಲೂ ಕಾಲಿಡಬ್ಯಾಡ್ರಿ, ಸಾಮಿ. ಮ್ಯಾಲೆ ಸುಮ್ಮನ ಕಾಣತದ, ಕೆಳಗ ಸುಳಿ ಅದ.” ಈಜಲು ಇಳಿಯುವ ಹುಡುಗರು ಇದನ್ನು ಕೇಳಿಸಿಕೊಳ್ಳಬೇಕು. ಈ ಹೊಳೆಯಲ್ಲಿ ಈಜುವ ಹಕ್ಕಿರುವುದು ನೀರುನಾಯಿಗಳಿಗೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸಾರಿದೆ.

ಆ ಗಡಿಯ ತುದಿಯೇ ಕಂಪ್ಲಿ. ಹಂಪಿಗೆ ಬರುವ ನೂರು ಜನರಲ್ಲಿ ಒಬ್ಬರೂ ಇಲ್ಲಿಗೆ ಬರುವುದಿಲ್ಲ, ಆದರೆ ಕಥೆ ಶುರುವಾಗುವುದೇ ಇಲ್ಲಿ. ವಿಜಯನಗರ ಹುಟ್ಟುವ ಮೊದಲು ಕಂಪಿಲರಾಯನ ರಾಜ್ಯಕ್ಕೆ ಹೆಸರು ಕೊಟ್ಟ ಊರು. ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಷಾಸ್ಪ್ ಓಡಿಬಂದು ಇವನ ಆಶ್ರಯ ಕೇಳಿದ. ಕೊಟ್ಟ ಮಾತಿಗಾಗಿ ಕಂಪಿಲರಾಯ 1327ರ ಸುಮಾರಿಗೆ ರಾಜ್ಯವನ್ನೂ ಕಳೆದುಕೊಂಡ, ಪ್ರಾಣವನ್ನೂ ಕಳೆದುಕೊಂಡ. ಮೊರಾಕೊದಿಂದ ಬಂದ ಇಬ್ನ್ ಬತೂತ ಆ ಕೊನೆಯ ಹೋರಾಟವನ್ನು ದಾಖಲಿಸಿದ್ದಾನೆ. ಮಗ ಗಂಡುಗಲಿ ಕುಮಾರರಾಮನ ಕಥೆ ಮಾತ್ರ ಯಾರ ದಾಖಲೆಗೂ ಕಾಯದೆ ಊರೂರು ಸುತ್ತಿತು. ಕಂಪಿಲರಾಯನ ಕೋಟೆ ಕುಮ್ಮಟದುರ್ಗ ಹೊಳೆಯ ಆಚೆ, ಗಂಗಾವತಿ ಸೀಮೆಯಲ್ಲಿದೆ.

ಇವತ್ತಿನ ಕಂಪ್ಲಿಯಲ್ಲಿ ಹೊಳೆಗೆ ತಾಗಿದ ಕೋಟೆಯ ಪಳೆಯುಳಿಕೆ, ಅದರೊಳಗೇ ಜನರ ಮನೆಗಳು, ಸುತ್ತಲೂ ಭತ್ತ. ನಾಟಿಯ ಹೊತ್ತಿಗೆ ಹೋದರೆ ರಸ್ತೆಯ ಎರಡೂ ಕಡೆ ಕಣ್ಣು ಹಾಯುವವರೆಗೆ ಕೆಸರುಗದ್ದೆ, ಅದರಲ್ಲಿ ಸಾಲಾಗಿ ಬಗ್ಗಿದ ಹೆಣ್ಣುಮಕ್ಕಳು. ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ ಎರಡೂ ವಿಜಯನಗರ ಕಾಲುವೆಗಳ ಸಾಲಿಗೇ ಸೇರಿದವು. ನೀರಗಂಟಿಯನ್ನು ಮಾತಾಡಿಸಿ, ಯಾವ ತೂಬಿನಿಂದ ಯಾರ ಹೊಲಕ್ಕೆ ಯಾವ ದಿನ ನೀರು ಎಂಬ ಲೆಕ್ಕ ಬಾಯಲ್ಲೇ ಇರುತ್ತದೆ. ಹಂಪಿಯ ಮಾರ್ಗದರ್ಶಿಗಳು ಯಾರೂ ಹೇಳದ ವಿಷಯಗಳನ್ನು ಅವರು ಹೇಳುತ್ತಾರೆ.

ಹೋಗುವ ಮುಂಚೆ ಒಂದು ವಿಚಾರಣೆ ಮಾಡಿಕೊಳ್ಳಿ. ಮಳೆಗಾಲದಲ್ಲಿ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಹೊಳೆ ಹರಿಯುತ್ತದೆ, ವಾಹನ ಬಂದ್ ಆಗುತ್ತದೆ. ಹಾಗಾದಾಗ ಕುಮ್ಮಟದುರ್ಗದ ಆಸೆ ಇಟ್ಟುಕೊಂಡವರು ಬುಕ್ಕಸಾಗರಕ್ಕೆ ಹಿಂದಿರುಗಿ ಕಡೆಬಾಗಿಲು ಸೇತುವೆ ದಾಟಿ ಹೋಗಬೇಕು. ಸುತ್ತು ದಾರಿಯಾದರೂ ನಷ್ಟವಿಲ್ಲ, ಆನೆಗುಂದಿ ಅಲ್ಲೇ ಪಕ್ಕದಲ್ಲಿದೆ.